ಬಲಗಾಲಿನ ಮೂಟೆ

ಮೊದಲಿಗೇ ಒಂದು ಮಾತು ಸ್ಪಷ್ಟವಾಗಿಬಿಡಲಿ: ನನ್ನ ಹೃದಯ ಗಟ್ಟಿಯಾಗಿದೆ. ಇದನ್ನು ಹೀಗೆ ಬರೆದು ತಿಳಿಸುವ ಗತಿ ಯಾವ ಮರ್ಯಾದಸ್ಥನಿಗೂ ಬರಬಾರದು. ಆದರೆ ನಮ್ಮ ಬೀದಿಯಲ್ಲಿ ನಾನು ನಡೆದು ಹೋದರೆ ಜನ ಈಗಲೂ ಪಕ್ಕಕ್ಕೆ ಸರಿಯುತ್ತಾರೆ, ಕುರ್ಚಿ ಎಳೆದು ಕೊಡುತ್ತಾರೆ, ನಾಲ್ಕು ಮೆಟ್ಟಿಲಿದ್ದರೆ ಮೊಣಕೈ ಹಿಡಿದುಕೊಳ್ಳುತ್ತಾರೆ. ನಡೆದದ್ದೇನು ಎಂದು ಒಬ್ಬರೂ ಕೇಳುವುದಿಲ್ಲ. ಅದಕ್ಕೇ ನಾನೇ ಹೇಳುತ್ತಿದ್ದೇನೆ.

ನನ್ನದು ಚಪ್ಪಲಿ, ಬೂಟಿನ ಅಂಗಡಿ. ನನಗೂ ನನ್ನ ಹೆಂಡತಿಗೂ ಒಬ್ಬಳೇ ಮಗಳು. ಅವಳು ಹೊರದೇಶದ ಒಂದು ಊರಿನಲ್ಲಿ ಚಿಕ್ಕ ಮಕ್ಕಳ ಶಾಲೆಯ ಟೀಚರು. ಅದೇ ಶಾಲೆಯಲ್ಲಿ ಚಿತ್ರ ಕಲಿಸುವ ಹುಡುಗನನ್ನು ಮೆಚ್ಚಿಕೊಂಡಿದ್ದಳು. ಹುಡುಗನ ಮನೆಯವರು ನಮ್ಮ ಮಾತಿನವರೇ, ಬಹಳ ವರ್ಷದಿಂದ ಅಲ್ಲೇ ನೆಲೆಸಿದವರು. ದೊಡ್ಡವರು ಕೂತು ಮಾತಾಡಿದರೆ ಮದುವೆ ಗಟ್ಟಿಯಾದಂತೆ. ಮಗಳು ಫೋನು ಮಾಡಿದಳು.

"ಅಪ್ಪಾ, ನೀವೇ ಬರ್ಬೇಕು. ಅವರಮ್ಮನಿಗೆ ಕಿವಿ ತೊಂದರೆ. ವಿಮಾನ ಹತ್ತಿದ್ರೆ ಕಿವಿ ಒಡೆದುಹೋಗತ್ತಂತೆ. ಟಿಕೆಟ್ ನಾನೇ ಕಳಿಸ್ತೀನಿ, ಎರಡು ಗಂಟೆ ದಾರಿ."

"ಟಿಕೆಟ್ ಬೇಡಮ್ಮ. ಬಸ್ಸಲ್ಲಿ ಬರ್ತೀವಿ."

"ಬಸ್ಸಲ್ಲಾ? ಎರಡು ರಾತ್ರಿ, ಎರಡು ಬಸ್ಸು ಅಪ್ಪಾ."

"ಆಗ್ಲಿ. ದಾರೀಲಿ ದೇಶ ನೋಡ್ಕೊಂಡು ಬರ್ತೀವಿ."

"ರಾತ್ರಿ ಹೊತ್ತು ಏನ್ ಕಾಣತ್ತೆ?"

ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ನನ್ನ ಹೆಂಡತಿ, "ನಂದೂ ಅದೇ ಪ್ರಶ್ನೆ" ಎಂದಳು.

ನಾನು ವಿಮಾನ ಹತ್ತದಿರುವುದು ತತ್ವಕ್ಕಾಗಿ. ಬಸ್ಸಿಗೆ ನೆಲದ ಋಣ ಇದೆ. ಬಸ್ಸು ಕೆಟ್ಟರೆ ಇಳಿದು ತಳ್ಳಬಹುದು. ವಿಮಾನ ಕೆಟ್ಟರೆ ಯಾರು ಇಳಿದು ತಳ್ಳುತ್ತಾರೆ? ಬಸ್ಸಿನ ಡ್ರೈವರು ಕಣ್ಣಿಗೆ ಕಾಣುತ್ತಾನೆ, ಆಕಳಿಸಿದರೆ ಗೊತ್ತಾಗುತ್ತದೆ. ವಿಮಾನದವರು ಬಾಗಿಲು ಹಾಕಿಕೊಂಡು ಒಳಗೆ ಏನು ಮಾಡುತ್ತಾರೋ ಬಲ್ಲವರಾರು. ಇಷ್ಟನ್ನು ಹೆಂಡತಿಗೆ ಮತ್ತೊಮ್ಮೆ ವಿವರಿಸಿದೆ.

"ತತ್ವ ಅಂತೆ" ಎಂದಳು. "ಆ ದೊಡ್ಡ ಅಂಗಡಿಯ ಗಾಜಿನ ಲಿಫ್ಟಲ್ಲಿ ಮೂರನೇ ಮಹಡಿಗೆ ಹೋಗೋಷ್ಟರಲ್ಲಿ ನನ್ನ ಕೈ ಹಿಡಿದಿದ್ರಲ್ಲ, ನಿಮ್ಮ ತತ್ವದ ಉಗುರು ಗುರುತು ಒಂದು ವಾರ ಇತ್ತು. ಮದುವೆಯಾದಾಗಿಂದ ಒಂದೇ ಒಂದು ಸಲ ವಿಮಾನದ ಕಿಟಕಿ ಪಕ್ಕ ಕೂರ್ಬೇಕು ಅಂತ ಕೇಳ್ತಿದೀನಿ."

ಹೆಂಗಸರಿಗೆ ಹಳೆಯ ಸಂಗತಿಗಳು ಬೇಡದ ಹೊತ್ತಿನಲ್ಲಿ ನೆನಪಾಗುತ್ತವೆ. ನಾನು ಅಂಗಡಿಗೆ ಹೊರಟುಬಿಟ್ಟೆ.

ನನ್ನ ಅಂಗಡಿಯ ಪಕ್ಕದ್ದು ಔಷಧಿ ಅಂಗಡಿ. ಅದರ ಯಜಮಾನರು ಒಳ್ಳೆಯವರೇ. ಆದರೆ ಬೆಳಗಿನಿಂದ ರಾತ್ರಿಯವರೆಗೆ ಮಾತ್ರೆಗಳ ನಡುವೆ ಕೂತು ಅವರ ಕಣ್ಣಿಗೆ ಮನುಷ್ಯರು ಕಾಣುವುದಿಲ್ಲ, ಕಾಯಿಲೆಗಳು ಮಾತ್ರ ಕಾಣುತ್ತವೆ. ಯಾರಾದರೂ ನಕ್ಕರೆ ಹಲ್ಲಿನ ಒಸಡು ನೋಡುತ್ತಾರೆ. ನನ್ನ ಹೆಂಡತಿ ತಲೆನೋವಿನ ಮಾತ್ರೆಗೆ ಹೋದಾಗ ಬಸ್ಸಿನ ವಿಷಯ ಬಾಯಿಬಿಟ್ಟಿದ್ದಳಂತೆ. ಅವರು ಸೀದಾ ನನ್ನ ಅಂಗಡಿಗೇ ಬಂದರು. ನಾನು ಒಬ್ಬ ಗಿರಾಕಿಯ ಕಾಲಿಗೆ ಬೂಟು ತೊಡಿಸುತ್ತಾ ಬಗ್ಗಿದ್ದೆ.

"ವಿಮಾನ ಬೇಡ ಅಂದ್ರಂತೆ?"

"ಹೌದು."

"ಮಗಳ ಮದುವೆ ಮಾತು. ಆದ್ರೂ ಬೇಡ ಅಂದ್ರಿ."

"ಹೌದು."

ಅವರು ದನಿ ತಗ್ಗಿಸಿ, ಎಡಗೈಯನ್ನು ಎದೆಯ ಮೇಲಿಟ್ಟು, "ಇದಾ?" ಎಂದರು.

ಗಿರಾಕಿ ಬೂಟು ಬಿಟ್ಟು ನನ್ನ ಮುಖ ನೋಡತೊಡಗಿದ. ಓದುಗರು ಇಲ್ಲಿ ಗಮನಿಸಬೇಕು. ನಾನು ಹೂಂ ಅನ್ನಲಿಲ್ಲ. ಊಹೂಂ ಎಂದೂ ಅನ್ನಲಿಲ್ಲ. ಬಗ್ಗಿ ಬಗ್ಗಿ ಸೊಂಟ ಹಿಡಿದಿತ್ತು, ಎದ್ದು ನಿಂತು ಒಂದು ನಿಟ್ಟುಸಿರು ಬಿಟ್ಟೆ. ಅಷ್ಟೇ ನಾನು ಮಾಡಿದ್ದು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಮ್ಮವರು. ನನ್ನ ಒಂದು ನಿಟ್ಟುಸಿರಿನಿಂದ ಸಂಜೆಯೊಳಗೆ ಬೀದಿಗೆ ಬೀದಿಯೇ ಹೃದ್ರೋಗ ತಜ್ಞರಾದರು. ಮಹಡಿ ಮನೆಯ ಅಜ್ಜಿ ನಡುಗುತ್ತಾ ಕೆಳಗಿಳಿದು ಬಂದು, ಮಲಗಿದ್ದಲ್ಲೇ ಹೋದವರ ಹೆಸರುಗಳನ್ನು ಒಂದೊಂದಾಗಿ ಹೇಳಿ ನನಗೆ ಧೈರ್ಯ ತುಂಬಿದರು. ಎದುರು ಮನೆಯವರು ರೇಡಿಯೋ ಸದ್ದು ತಗ್ಗಿಸಿದರು. ಹತ್ತು ವರ್ಷದಿಂದ ಚೌಕಾಸಿ ಮಾಡದೆ ಒಂದು ಲೇಸು ಕೊಳ್ಳದ ದರ್ಜಿ, ಹೇಳಿದ ಬೆಲೆಗೆ ಒಂದು ಜೊತೆ ಬೂಟು ಕೊಂಡು, "ಹುಷಾರಾಗಿರಿ ಸಾರ್" ಎಂದು ಕಣ್ಣೊರೆಸಿಕೊಂಡು ಹೋದ.

ಸುಳ್ಳು ಹೇಳುವುದಿಲ್ಲ, ಒಂದೆರಡು ದಿನ ನನಗೆ ಹಿತವಾಗಿಯೇ ಇತ್ತು. ಹೆದರುಪುಕ್ಕಲ ಎನಿಸಿಕೊಳ್ಳುವುದಕ್ಕಿಂತ ಹೃದಯದ ರೋಗಿ ಎನಿಸಿಕೊಳ್ಳುವುದರಲ್ಲಿ ಒಂದು ಘನತೆ ಇದೆ.

ಘನತೆ ಮೂರನೇ ದಿನಕ್ಕೆ ಮುಗಿಯಿತು. ಆ ದಿನ ನನ್ನ ಹೆಂಡತಿಯ ಅಣ್ಣ ಬಂದರು. ನನ್ನ ಈ ಭಾವ ನೀರೆತ್ತುವ ಪಂಪು ಮಾರುವವರು. ವಿಮಾನವನ್ನು ಬಿಟ್ಟು ಬೇರೇನನ್ನೂ ಹತ್ತುವವರಲ್ಲ. ವಿಮಾನದವರು ಪೆಟ್ಟಿಗೆಯ ಹಿಡಿಗೆ ಅಂಟಿಸುವ ಚೀಟಿಗಳನ್ನು ಅವರು ಇವತ್ತಿಗೂ ಒಂದನ್ನೂ ಕಿತ್ತಿಲ್ಲ. ಪೆಟ್ಟಿಗೆ ಎತ್ತಬೇಕಾದರೆ ಹಿಡಿ ಎಲ್ಲಿದೆ ಎಂದು ಹುಡುಕಬೇಕು. ಅವರು ನನ್ನ ಎರಡೂ ಕೈ ಹಿಡಿದು ಪಕ್ಕದಲ್ಲಿ ಕೂತರು.

"ಯಾವುದಕ್ಕೂ ಯೋಚನೆ ಮಾಡ್ಬೇಡಿ ಭಾವ. ಮಾತುಕತೆಗೆ ನಾನೂ ಬರ್ತೀನಿ, ಒಂದು ದಿನ ಮುಂಚೆ ವಿಮಾನದಲ್ಲಿ ಹೋಗಿರ್ತೀನಿ. ಹುಡುಗನ ಅಪ್ಪನಿಗೆ ಫೋನ್ ಮಾಡಿ ಎಲ್ಲಾ ಹೇಳಿದೀನಿ."

"ಎಲ್ಲಾ ಅಂದ್ರೆ?"

"ನಿಮ್ಮ ಹೃದಯದ್ದು. ಸಂಬಂಧ ಬೆಳೆಸೋವಾಗ ಮುಚ್ಚಿಡಬಾರದು ನೋಡಿ. ಬಸ್ ಕಂಪನಿಗೂ ಹೇಳಿದೀನಿ, ಎರಡನೇ ಬಸ್ಸಲ್ಲಿ ಮುಂದಿನ ಮಂಚ ನಿಮಗೆ. ಯಾರೂ ಎಬ್ಬಿಸಬಾರದು, ಮಾತಾಡಿಸಬಾರದು ಅಂತ."

ಅವರು ಮಾತು ಮುಗಿಸುವ ಮೊದಲೇ ಫೋನು ಹೊಡೆದುಕೊಂಡಿತು. ಮಗಳು ಅಳುತ್ತಿದ್ದಳು.

"ಅಪ್ಪಾ, ನನ್ನಿಂದ ಯಾಕೆ ಮುಚ್ಚಿಟ್ರಿ? ಅವರಪ್ಪ ಇನ್ಶೂರೆನ್ಸ್ ಆಫೀಸಲ್ಲಿ ಇದ್ದವರು. ಇದು ವಂಶದಲ್ಲೇ ಇದೆಯಾ, ತಾತನಿಗೂ ಇತ್ತಾ ಅಂತ ಕೇಳ್ತಿದಾರೆ. ನನ್ನ ಹೃದಯಾನೂ ಪರೀಕ್ಷೆ ಮಾಡಿಸ್ಲಿ, ಮದುವೆ ಮಾತು ಆಮೇಲೆ ನೋಡೋಣ ಅಂತಿದಾರೆ. ಇವರು ಅಪ್ಪನ ಹತ್ರ ಜಗಳ ಆಡ್ಕೊಂಡು ಊಟ ಬಿಟ್ಟಿದಾರೆ."

ನೋಡಿ ಅನ್ಯಾಯ. ಬಸ್ಸಿನಲ್ಲಿ ಹೋಗುತ್ತೇನೆ ಎಂದದ್ದು ನಾನು. ಎದೆ ಬಿಚ್ಚಿ ತೋರಿಸಬೇಕಾದವಳು ನನ್ನ ಮಗಳು. ಅಲ್ಲೇ ಹೇಳಿಬಿಡಬೇಕಿತ್ತು, ಒಪ್ಪುತ್ತೇನೆ. ಆದರೆ ಎದುರಿಗೆ ಭಾವ ಕೂತಿದ್ದಾರೆ, ನನ್ನ ಕೈ ಹಿಡಿದಿದ್ದಾರೆ, ಪಕ್ಕದಲ್ಲಿ ಚೀಟಿ ತುಂಬಿದ ಪೆಟ್ಟಿಗೆ ಇದೆ. ಆ ಪೆಟ್ಟಿಗೆಯ ಎದುರು ನನಗೆ ವಿಮಾನ ಎಂದರೆ ಹೆದರಿಕೆ ಎಂದು ಯಾವ ಗಂಡಸು ಹೇಳಿಯಾನು?

"ಅಲ್ಲಿಗೆ ಬಂದು ಮುಖಾಮುಖಿ ಎಲ್ಲಾ ಸರಿಮಾಡ್ತೀನಿ ಕಣಮ್ಮ" ಎಂದೆ.

ಭಾವ ಹೋದ ಮೇಲೆ ಹೆಂಡತಿ ನನ್ನ ಎದುರು ಬಂದು ನಿಂತಳು. "ನಾನೇ ಹೇಳಿಬಿಡ್ಲಾ?"

"ಬೇಡ."

"ಹಾಗಾದ್ರೆ ನಿಮ್ಮ ಬಾಯಿಂದಲೇ ಬರ್ಲಿ. ಅಲ್ಲಿ ಬಸ್ಸಿಳಿದ ಮೇಲೂ ಬರದಿದ್ರೆ, ನನ್ನ ಬಾಯಿ ನಾನು ಕಟ್ಕೊಳ್ಳಲ್ಲ."

ಹೀಗೆ ನಾವು ಹೊರಟೆವು. ಪ್ರಪಂಚದಲ್ಲಿ ಬಸ್ಸಿನ ಪ್ರಯಾಣಿಕನಿಗೆ ಎಷ್ಟು ಮರ್ಯಾದೆ ಇದೆ ಎಂದು ತಿಳಿಯಬೇಕಾದವರು ಹೊರದೇಶಕ್ಕೆ ಬಸ್ಸಿನಲ್ಲಿ ಹೋಗಿ ನೋಡಬೇಕು. ಟಿಕೆಟ್ ಕಿಟಕಿಯಲ್ಲಿ ಕೂತವಳು, ಬಸ್ಸಿನ ಟಿಕೆಟ್ಟನ್ನೇ ಮಾರಿ ಸಂಬಳ ತೆಗೆದುಕೊಳ್ಳುವವಳು, "ವಿಮಾನ ಇದೆಯಲ್ಲ ಸಾರ್?" ಎಂದಳು. ಚಪ್ಪಲಿ ಅಂಗಡಿಗೆ ಬಂದವನಿಗೆ ನಾನು ಬರಿಗಾಲಲ್ಲಿ ನಡೆಯಬಹುದಲ್ಲ ಎಂದು ಹೇಳುತ್ತೇನೆಯೇ? ಮೊದಲ ರಾತ್ರಿಯ ಬಸ್ಸಿನಲ್ಲಿ ನನ್ನ ಮುಂದಿನವನು ತನ್ನ ಸೀಟನ್ನು ಹಿಂದಕ್ಕೆ ಬಾಗಿಸಿ ತಲೆಯನ್ನು ಹೆಚ್ಚುಕಡಿಮೆ ನನ್ನ ಮಡಿಲಿಗೇ ತಂದಿಟ್ಟ. ಬೆಳಗಾದಾಗ ಅವನಿಗೆ ನೆತ್ತಿಯಲ್ಲಿ ಕೂದಲು ಉದುರುತ್ತಿದೆ ಎಂದು ಹೇಳುವಷ್ಟು ಪರಿಚಯವಾಗಿತ್ತು. ನಡುವಿನ ಊರಿನಲ್ಲಿ ಇಡೀ ಹಗಲು ಬಸ್ ನಿಲ್ದಾಣದ ಬೆಂಚಿನ ಮೇಲೆ ಪೆಟ್ಟಿಗೆ ಕಾಯ್ದುಕೊಂಡು ಕೂತೆವು. ಮುಖ ತೊಳೆಯಲು ಹೋದರೆ ನಲ್ಲಿ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ನೀರು. ಒಂದು ಕೈಯಲ್ಲಿ ಒತ್ತಿ ಇನ್ನೊಂದು ಕೈಯಲ್ಲಿ ಮುಖದ ಅರ್ಧ ಭಾಗ ತೊಳೆದುಕೊಂಡು ಬಂದೆ.

"ದೇಶ ಚೆನ್ನಾಗಿದೆಯಾ?" ಎಂದಳು ಹೆಂಡತಿ.

ಎರಡನೇ ಬಸ್ಸು ಮಲಗಿ ಹೋಗುವಂಥದ್ದು. ಒಂದರ ಮೇಲೊಂದು ಮಂಚ, ಪ್ರತಿಯೊಂದಕ್ಕೂ ಪರದೆ. ಅಲ್ಲಿಯ ಪದ್ಧತಿ ಏನೆಂದರೆ ಹತ್ತುವಾಗಲೇ ಬೂಟು, ಚಪ್ಪಲಿ ಕಳಚಿ ಬಾಗಿಲ ಬಳಿಯ ದೊಡ್ಡ ಬುಟ್ಟಿಗೆ ಹಾಕಬೇಕು. ಬರಿಗಾಲಲ್ಲೋ ಕಾಲುಚೀಲದಲ್ಲೋ ಒಳಗೆ ಹೋಗಬೇಕು. ಡ್ರೈವರು ನನ್ನನ್ನು ಕಂಡದ್ದೇ ತಡ, "ಹೃದಯದವರು ನೀವಾ?" ಎಂದು ಎರಡೂ ಕೈಯಲ್ಲಿ ಹಿಡಿದು, ಬುಟ್ಟಿಯ ಪಕ್ಕದ ಕೆಳಮಂಚದಲ್ಲಿ ಮಲಗಿಸಿ, ಪರದೆ ಎಳೆದ. ಹೆಂಡತಿ ಮೇಲಿನ ಮಂಚ ಹತ್ತಿ ಎರಡು ನಿಮಿಷಕ್ಕೆ ನಿದ್ದೆ ಹೋದಳು.

ನನಗೆ ನಿದ್ದೆ ಹೇಗೆ ಬರಬೇಕು? ನಾಳೆ ಏನು ಹೇಳಲಿ ಎಂಬ ಚಿಂತೆ ಒಂದು ಕಡೆ. ಪರದೆಯ ಸಂದಿನಿಂದ ಕಾಣುವ ಆ ಬುಟ್ಟಿ ಇನ್ನೊಂದು ಕಡೆ. ಬೂಟಿನ ಮೇಲೆ ಚಪ್ಪಲಿ, ಚಪ್ಪಲಿಯೊಳಗೆ ಬೂಟು, ಒಂದರ ಎಡ ಇನ್ನೊಂದರ ಬಲದ ಮೇಲೆ ಮಗುಚಿ ಬಿದ್ದಿತ್ತು. ಒಳ್ಳೆಯ ತೊಗಲಿನ ಒಂದು ಕಂದು ಬೂಟಿನ ಮೂತಿಯ ಮೇಲೆ ಯಾರೋ ಕೆಸರಿನ ಗಂಬೂಟು ಎಸೆದಿದ್ದರು. ಅಕ್ಕಿ ಅಂಗಡಿಯವನಿಗೆ ಚೆಲ್ಲಿದ ಅಕ್ಕಿ ಕಂಡರೆ ಹೇಗಾಗುತ್ತದೆಯೋ ನನಗೆ ಹಾಗಾಯಿತು. ರಾತ್ರಿಯೆಲ್ಲ ಹೊರಳಾಡಿದೆ.

ಬೆಳಕು ಹರಿಯುವ ಹೊತ್ತಿಗೆ ಗಡಿಗೆ ಸ್ವಲ್ಪ ಮೊದಲು ಬಸ್ಸು ಒಂದು ಚಹಾದಂಗಡಿಯ ಮುಂದೆ ನಿಂತಿತು. ಡ್ರೈವರು ಇಳಿದು ಹೋದ. ಉಳಿದವರೆಲ್ಲ ನಿದ್ದೆಯಲ್ಲಿದ್ದರು. ಇದೇ ಸಮಯ ಎಂದು ನಾನೆದ್ದೆ.

ಈಗ ನಮ್ಮ ಕಸುಬಿನ ಒಂದು ಪದ್ಧತಿ ಹೇಳಬೇಕು. ಬೂಟಿನ ಅಂಗಡಿಯಲ್ಲಿ ಗಾಜಿನ ಬೀರುವಿನಲ್ಲಿ ಎರಡೂ ಕಾಲಿನದನ್ನು ಇಡುವುದಿಲ್ಲ. ಒಂದನ್ನು ಮುಂದೆ ಇಡುತ್ತೇವೆ, ಜೊತೆಯದನ್ನು ಹಿಂದಿನ ಕೋಣೆಯಲ್ಲಿ ಇಡುತ್ತೇವೆ. ಒಂಟಿ ಬೂಟು ಕದ್ದು ಕಳ್ಳ ಏನು ಮಾಡುತ್ತಾನೆ? ನನ್ನ ಅಂಗಡಿಯಲ್ಲಿ ಎಡಗಾಲು ಮುಂದೆ, ಬಲಗಾಲು ಒಳಗೆ. ಕೈಗೆ ಅದೇ ಅಭ್ಯಾಸ. ನಾನು ಎಡಗಾಲಿನವನ್ನೆಲ್ಲ ಆರಿಸಿ ಬಸ್ಸಿನ ಮುಂದುಗಡೆ ಗಾಜಿನ ಕೆಳಗೆ ಅಳತೆಯ ಪ್ರಕಾರ ಸಾಲಾಗಿ ಜೋಡಿಸಿದೆ. ನೋಡಲು ಎಷ್ಟು ಚೆಂದವಾಗಿತ್ತು ಎಂದರೆ ನನಗೇ ಒಂದೆರಡನ್ನು ಕೊಳ್ಳುವ ಮನಸ್ಸಾಯಿತು. ಬಲಗಾಲಿನವನ್ನು ಜೋಡಿಸಲು ಒಳಗೆ ಜಾಗ ಸಾಲದು. ನನ್ನ ಹೊದಿಕೆಯಲ್ಲಿ ಮೂಟೆ ಕಟ್ಟಿ, ನನ್ನ ಬಲಗಾಲಿಗೆ ನನ್ನದೇ ಬೂಟು ತೊಟ್ಟುಕೊಂಡು, ಪರದೆ ಎಳೆದು ಮುಚ್ಚಿ, ಕೆಳಗಿಳಿದು ಚಹಾದಂಗಡಿಯ ಹಿಂದಿನ ಬೆಂಚಿನ ಮೇಲೆ ದೀಪದ ಕೆಳಗೆ ಹರಡಿಕೊಂಡೆ.

ನಾನು ಹೆಂಗಸರ ಅಳತೆ ಮುಗಿಸಿ ಗಂಡಸರದ್ದಕ್ಕೆ ಕೈ ಹಾಕಿದ್ದೆ. ಬಸ್ಸು ಹೊರಡುವ ಸದ್ದು ಕೇಳಿಸಿತು.

ಡ್ರೈವರು ತಲೆ ಎಣಿಸಲಿಲ್ಲವೇ ಎಂದು ಆಮೇಲೆ ಎಲ್ಲರೂ ಕೇಳಿದರು. ಎಣಿಸಿದ್ದ. ಆದರೆ ನನ್ನ ಪರದೆ ಮುಚ್ಚಿತ್ತು, ಹೃದಯದವರನ್ನು ಎಬ್ಬಿಸಬಾರದು ಎಂದು ಭಾವ ಅಪ್ಪಣೆ ಮಾಡಿದ್ದರು. ಉಪಕಾರ ಮಾಡುವವರು ಕೂಡಿ ನನ್ನನ್ನು ನಡುದಾರಿಯಲ್ಲಿ ಕೈಬಿಟ್ಟರು.

ನಾನು ಓಡಿದೆ. ಬಲಗಾಲಿಗೆ ಬೂಟು, ಎಡಗಾಲಿಗೆ ಕಾಲುಚೀಲ, ಬೆನ್ನ ಮೇಲೆ ಒಂದು ಬಸ್ಸಿನ ತುಂಬ ಜನರ ಬಲಗಾಲು. ಇಳಿಜಾರಿನ ರಸ್ತೆ. ಬಸ್ಸಿನ ಹಿಂದಿನ ಕೆಂಪು ದೀಪ ನೋಡಿಕೊಂಡು, ಅದರ ಕಂಪನಿಯನ್ನೂ ಅದರ ಬುಟ್ಟಿಯನ್ನೂ ಭಾವನ ಪೆಟ್ಟಿಗೆಯನ್ನೂ ಒಟ್ಟಿಗೆ ಬೈಯುತ್ತಾ ಓಡಿದೆ. ಅಂಥ ಓಟವನ್ನು ನಾನು ಶಾಲೆಯಲ್ಲೂ ಓಡಿದವನಲ್ಲ. ಗಡಿಯ ಗೇಟಿನ ಮುಂದೆ ಲಾರಿಗಳ ಸಾಲು ನಿಂತಿದ್ದರಿಂದ ಬಸ್ಸು ಸಿಕ್ಕಿತು. ಇಲ್ಲದಿದ್ದರೆ ಮಗಳ ಊರಿನವರೆಗೂ ಓಡುತ್ತಿದ್ದೆನೇನೋ.

ಆದರೆ ಬಸ್ಸಿನ ಹತ್ತಿರ ಹೋಗುವ ಮೊದಲೇ ಒಬ್ಬ ಸುಂಕದ ಅಧಿಕಾರಿ ಅಡ್ಡ ನಿಂತ. ಅಲ್ಲಿಯ ಭಾಷೆ ನನಗೆ ಅರ್ಧಂಬರ್ಧ ಬರುತ್ತದೆ. ಬೈಗುಳ ಮಾತ್ರ ಪೂರ್ತಿ ಅರ್ಥವಾಗುತ್ತದೆ.

"ಮೂಟೇಲಿ ಏನು?"

"ಬೂಟು ಸಾರ್."

"ಎಷ್ಟು ಜೊತೆ?"

"ಜೊತೆ ಇಲ್ಲ ಸಾರ್. ಎಲ್ಲಾ ಬಲಗಾಲು."

ಅವನ ಮುಖ ಅರಳಿತು. ಬಹಳ ದಿನದಿಂದ ಕಾಯುತ್ತಿದ್ದ ನೆಂಟ ಬಂದ ಹಾಗೆ ನನ್ನನ್ನು ನೋಡಿದ.

"ಹೋದ ವರ್ಷ ಒಬ್ಬ ಹೀಗೇ ಬಂದಿದ್ದ. ಬಲಗಾಲು ಒಂದು ಗೇಟಲ್ಲಿ, ಎಡಗಾಲು ಇನ್ನೊಂದು ಗೇಟಲ್ಲಿ. ಒಂಟಿ ಬೂಟಿಗೆ ಬೆಲೆ ಇಲ್ಲ, ಸುಂಕ ಇಲ್ಲ ಅಂತ ಒಳಗೆ ತಂದು ಜೋಡಿ ಮಾಡಿ ಮಾರ್ತಿದ್ದ. ನಿನ್ನ ಎಡಗಾಲು ಎಲ್ಲಿದೆ?"

"ಮುಂದೆ ಹೋಗಿದೆ ಸಾರ್. ಬಸ್ಸಲ್ಲಿ."

"ಓಹೋ. ಏನ್ ಕೆಲಸ ಮಾಡ್ತೀಯ?"

"ಬೂಟಿನ ಅಂಗಡಿ ಇದೆ ಸಾರ್."

ಅವನು ಸೀಟಿ ಊದಿ ಮೇಲಧಿಕಾರಿಯನ್ನು ಕರೆದ. ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅಷ್ಟು ನಿಜವನ್ನು ಒಟ್ಟಿಗೆ ಹೇಳಿ ಅಷ್ಟು ದೊಡ್ಡ ಕಳ್ಳನಾದವನು ಇನ್ನೊಬ್ಬನಿರಲಾರ.

ಅಷ್ಟರಲ್ಲಿ ಪಾಸ್‌ಪೋರ್ಟ್ ತೋರಿಸಲು ಬಸ್ಸಿನವರೆಲ್ಲ ಕೆಳಗಿಳಿದರು. ಎಲ್ಲರ ಎಡಗಾಲಲ್ಲೂ ಬೂಟಿತ್ತು. ಬಲಗಾಲನ್ನು ತಣ್ಣನೆಯ ನೆಲಕ್ಕೆ ಊರಲಾರದೆ ಕುಂಟುತ್ತಾ, ಒಬ್ಬರ ಹೆಗಲು ಒಬ್ಬರು ಹಿಡಿದು ನಮ್ಮ ಕಡೆಗೇ ಬಂದರು. ನನ್ನ ಬೆನ್ನಿನ ಮೂಟೆಯಿಂದ ಆ ಕಂದು ಬೂಟಿನ ಮೂತಿ ಹೊರಗೆ ಇಣುಕುತ್ತಿತ್ತು. ಅದರ ಒಡೆಯ ದಪ್ಪ ಮೀಸೆಯವನು. ಬೆರಳು ತೋರಿಸಿ ಏನೋ ಕೂಗಿದ. ಅದು ನನಗೆ ಪೂರ್ತಿ ಅರ್ಥವಾದ ಮಾತುಗಳಲ್ಲಿ ಒಂದು.

ನನ್ನ ಹೆಂಡತಿ ಒಂದು ಚಪ್ಪಲಿಯಲ್ಲಿ ನಿಂತು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಇಲ್ಲೂ ಅಂಗಡಿ ತೆಗೆದ್ರಾ?"

ಮೇಲಧಿಕಾರಿ ಬಂದು ನೋಡಿ, ಇದು ಕಳ್ಳಸಾಗಣೆಯೋ ಹುಚ್ಚೋ ಎಂದು ತೀರ್ಮಾನಿಸಲಾರದೆ, ಪ್ರತಿಯೊಬ್ಬನ ಬಲಗಾಲಿಗೂ ಅವನವನ ಬೂಟು ಸರಿಹೊಂದಿದರೆ ಬಿಡುತ್ತೇನೆ ಎಂದ. ನಾನು ಆ ಕಚೇರಿಯ ಮುಂದೆ ಮಂಡಿಯೂರಿ ಕೂತು ಬಸ್ಸಿನ ಅಷ್ಟೂ ಜನರ ಕಾಲಿಗೆ ಬೂಟು ತೊಡಿಸಿದೆ. ಒಬ್ಬ ಹೆಂಗಸು ಇದೇ ಮಾದರಿಯಲ್ಲಿ ಸ್ವಲ್ಪ ದೊಡ್ಡದು ಇದೆಯೇ ಎಂದು ಕೇಳಿದಳು. ದಪ್ಪ ಮೀಸೆಯವನಿಗೂ ಅವನ ಹಿಂದಿದ್ದ ತೆಳ್ಳನೆಯವನಿಗೂ ಒಂದೇ ಬಣ್ಣದ, ಒಂದೇ ಅಳತೆಯ ಬೂಟು ಇದ್ದದ್ದು ನನ್ನ ತಪ್ಪಲ್ಲ. ಇಬ್ಬರೂ ನಂದು ನಿನ್ನ ಕಾಲಲ್ಲಿದೆ ಎಂದು ದಾರಿಯುದ್ದಕ್ಕೂ ಕಿತ್ತಾಡಿದರು. ನನ್ನನ್ನು ಇಬ್ಬರೂ ಕೂಡಿ ಬೈದರು.

ಬಸ್ಸು ಮಗಳ ಊರಿನ ನಿಲ್ದಾಣ ತಲುಪಿತು. ಕಿಟಕಿಯಿಂದ ನೋಡಿದರೆ ನನ್ನ ಎದೆ ನಿಜವಾಗಿಯೂ ಒಂದು ಕ್ಷಣ ನಿಂತಿತು. ಮಗಳು ಕೆಂಪು ಕಣ್ಣು ಮಾಡಿಕೊಂಡು ನಿಂತಿದ್ದಳು. ಅವಳ ಪಕ್ಕದಲ್ಲಿ ಗಡ್ಡ ಬಿಟ್ಟ ಹುಡುಗ. ಅವನ ಪಕ್ಕದಲ್ಲಿ ಅವನಮ್ಮ, ಎರಡೂ ಕಿವಿಗೆ ಹತ್ತಿ ಇಟ್ಟುಕೊಂಡಿದ್ದರು. ಅಲ್ಲಿಗೂ ತಮ್ಮ ಪೆಟ್ಟಿಗೆ ಹಿಡಿದುಕೊಂಡೇ ಬಂದ ನನ್ನ ಭಾವ. ಎಲ್ಲರಿಗಿಂತ ಮುಂದೆ ಹುಡುಗನ ಅಪ್ಪ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಂದು ಗಾಲಿಕುರ್ಚಿ ಹಿಡಿದುಕೊಂಡು ನಿಂತಿದ್ದರು. ನನಗಾಗಿ ತಂದದ್ದು.

ನಾನು ಇಳಿದ ಕೂಡಲೆ ಭಾವ ಒಂದು ತೋಳು, ಹುಡುಗ ಒಂದು ತೋಳು ಹಿಡಿದರು. "ಮಾತಾಡ್ಬೇಡಿ, ಮಾತಾಡ್ಬೇಡಿ, ಮೊದ್ಲು ಕೂತ್ಕೊಳ್ಳಿ" ಎಂದರು ಭಾವ. ನನ್ನ ಹಿಂದೆ ಪ್ರಯಾಣಿಕರು ಒಬ್ಬೊಬ್ಬರಾಗಿ ಇಳಿದು, ಹೋಗುವ ಮುನ್ನ ನನಗೊಂದು ಬೈಗುಳ ಕೊಟ್ಟು ಹೋಗುತ್ತಿದ್ದರು. ಕೊನೆಗೆ ಡ್ರೈವರು ಇಳಿದು, ಕುರ್ಚಿ ನೋಡಿ ನಿಂತ.

"ಇದು ಯಾರಿಗೆ? ಇವರಿಗಾ?" ಎಂದ. "ಇವರಿಗೆ ಹೃದಯದ ಕಾಯಿಲೆ ಅಂತ ನಾನೂ ನಂಬಿದ್ದೆ. ಚಹಾದಂಗಡಿಯಿಂದ ಗಡಿವರೆಗೆ ಬೂಟಿನ ಮೂಟೆ ಹೊತ್ಕೊಂಡು, ಒಂದೇ ಕಾಲಿಗೆ ಬೂಟು ಹಾಕ್ಕೊಂಡು ನನ್ನ ಬಸ್ಸಿನ ಹಿಂದೆ ಓಡಿ ಬಂದಿದಾರೆ. ನನ್ನ ಬಸ್ಸಿನ ಇಂಜಿನ್ನಿಗಿಂತ ಇವರ ಹೃದಯ ಗಟ್ಟಿ."

ಭಾವನಿಗೆ ತಿಳಿಯಲೆಂದು ಹುಡುಗ ಅದನ್ನು ನಮ್ಮ ಮಾತಿಗೆ ತಿರುಗಿಸಿ ಹೇಳಿದ. ಭಾವ ನನ್ನ ತೋಳು ಬಿಟ್ಟರು. ಹುಡುಗನ ಅಪ್ಪ ಕುರ್ಚಿಯ ಹಿಡಿ ಬಿಡದೆ ನನ್ನನ್ನು ನೋಡಿದರು. ಜೀವನವೆಲ್ಲ ಅರ್ಜಿಗಳಲ್ಲಿ ಸುಳ್ಳು ಹುಡುಕಿದ ಕಣ್ಣುಗಳು ಅವು.

"ಓಡಿದ್ರಾ?"

"ಓಡಿದೆ."

"ಎದೆ ನೋವು?"

"ಬರ್ಲಿಲ್ಲ."

"ಹಾಗಾದ್ರೆ ಹೃದಯ ಚೆನ್ನಾಗಿದೆ. ವಿಮಾನ ಯಾಕೆ ಹತ್ತಲ್ಲ? ನಮ್ಮ ಮನೆಗೆ ಬರೋಕೆ ಮನಸ್ಸಿಲ್ಲದೆ ಕಾಯಿಲೆ ನೆಪ ಹೇಳಿದ್ರಾ? ಬರೋದು ತಪ್ಪಿಸೋಕಾಗಲ್ಲ ಅಂತ ಆದ್ಮೇಲೆ ಬಸ್ಸಾ?"

ಇದೊಂದು ನನಗೆ ಹೊಳೆದೇ ಇರಲಿಲ್ಲ. ಕಾಯಿಲೆ ಇದೆ ಎಂದರೆ ಮದುವೆ ಮುರಿಯುತ್ತದೆ, ಇಲ್ಲ ಎಂದರೆ ಅವರಿಗೆ ಅವಮಾನ ಮಾಡಿದಂತಾಗುತ್ತದೆ. ನೆಲದ ಋಣ, ದೇಶ ನೋಡುವುದು, ಇಳಿದು ತಳ್ಳುವುದು, ಎಲ್ಲ ತತ್ವಗಳೂ ನಾಲಗೆಯ ತುದಿಯಲ್ಲಿ ಸಾಲಾಗಿ ನಿಂತಿದ್ದವು. ಹೆಂಡತಿ ಗಂಟಲು ಸರಿಮಾಡಿಕೊಂಡಳು. ನಾನು ಮಗಳನ್ನು ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ, ಎಡಗಾಲಿನ ಹರಿದ ಕಾಲುಚೀಲ ಬೂಟಿನಿಂದ ಹೊರಗೆ ಬಂದದ್ದನ್ನು ನೋಡುತ್ತಿದ್ದಳು.

"ಹೆದರಿಕೆ" ಎಂದೆ.

"ಏನು?"

"ನನಗೆ ವಿಮಾನ ಅಂದ್ರೆ ಹೆದರಿಕೆ ಕಣ್ರೀ. ಕಾಲಡಿ ನೆಲ ಇಲ್ಲ ಅಂದ್ರೆ ಕೈಕಾಲು ನಡುಗತ್ತೆ. ಲಿಫ್ಟಿಗೂ ಹೆದರ್ತೀನಿ. ನನ್ನ ಅಪ್ಪನ ಹೃದಯಾನೂ ಗಟ್ಟಿ, ನನ್ನದೂ ಗಟ್ಟಿ, ನನ್ನ ಮಗಳದ್ದು ಎಲ್ಲರಿಗಿಂತ ಗಟ್ಟಿ. ನಾನೊಬ್ಬ ಪುಕ್ಕಲ. ಅವಳು ಅಲ್ಲ. ಬೇಕಾದ್ರೆ ಬರೆದುಕೊಡ್ತೀನಿ."

ಭಾವ ಪೆಟ್ಟಿಗೆಯ ಚೀಟಿ ಮುಟ್ಟಿಕೊಂಡರು. ಆಗ ಹುಡುಗನ ಅಮ್ಮ ಮುಂದೆ ಬಂದರು. ಮೊದಲು ಬಲಗಿವಿಯ ಹತ್ತಿ ತೆಗೆದರು. ಆಮೇಲೆ ಎಡಗಿವಿಯದು. ಎರಡನ್ನೂ ಗಂಡನ ಅಂಗೈಯಲ್ಲಿಟ್ಟರು.

"ನನ್ನ ಕಿವಿನೂ ಚೆನ್ನಾಗೇ ಇದೆ" ಎಂದರು.

ಹುಡುಗನ ಅಪ್ಪ ಹತ್ತಿಯನ್ನು ನೋಡಿದರು. ಹೆಂಡತಿಯನ್ನು ನೋಡಿದರು. "ಆ ಕಿವಿ ಡಾಕ್ಟ್ರು? ವರ್ಷಾ ವರ್ಷಾ ಹೋಗ್ತಿದ್ವಲ್ಲ?"

"ಪಾಪ, ಅವರೂ ಹುಡುಕಿ ಹುಡುಕಿ ಸಾಕಾದ್ರು."

ಹುಡುಗನ ಅಪ್ಪ ಮೆಲ್ಲಗೆ ಗಾಲಿಕುರ್ಚಿಯಲ್ಲಿ ಕೂತುಬಿಟ್ಟರು. ತಂದದ್ದು ದಂಡವಾಗಲಿಲ್ಲ. ಹುಡುಗ ಅಪ್ಪನನ್ನು ತಳ್ಳಿಕೊಂಡು ನಡೆದ, ಮಗಳು ನನ್ನ ಬೆನ್ನಿಗೆ ಮುಖ ಒತ್ತಿ ಅತ್ತಳೋ ನಕ್ಕಳೋ ತಿಳಿಯಲಿಲ್ಲ. ನಾನೂ ಬೀಗಿತ್ತಿಯೂ ಹಿಂದಿನಿಂದ ನಡೆದೆವು. ಅವರು ತಗ್ಗಿದ ದನಿಯಲ್ಲಿ, "ಆ ಎರಡನೇ ಬಸ್ಸಲ್ಲಿ ಮೇಲಿನ ಮಂಚ ಅಲುಗಾಡತ್ತಾ?" ಎಂದು ಕೇಳಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಮದುವೆ ಗಟ್ಟಿಯಾಯಿತು. ಎದೆಯ ಪರೀಕ್ಷೆಯ ಮಾತನ್ನು ಯಾರೂ ಎತ್ತಲಿಲ್ಲ.

ಇಲ್ಲಿಗೆ ನನ್ನ ಅವಮಾನ ಮುಗಿಯಿತು ಎಂದುಕೊಂಡರೆ ನೀವು ನನ್ನ ಹೆಂಡತಿಯನ್ನು ಬಲ್ಲವರಲ್ಲ. ಹೊರಡುವ ದಿನ ಪೆಟ್ಟಿಗೆ ಕಟ್ಟುತ್ತಾ, "ನಾನು ಅಣ್ಣನ ಜೊತೆ ಹೋಗ್ತೀನಿ. ಕಿಟಕಿ ಪಕ್ಕದ ಸೀಟು ಹೇಳಿದೀನಿ" ಎಂದಳು.

"ನಾನು?"

"ನಿಮಗೆ ಬಸ್ಸಿದೆಯಲ್ಲ. ದೇಶ ಪೂರ್ತಿ ನೋಡಿ ಆಗಿರ್ಲಿಲ್ಲ."

ಅವಳು ಬೆಳಗಿನ ವಿಮಾನದಲ್ಲಿ ಹೋದಳು. ನಾನು ಸಂಜೆಯ ಬಸ್ಸು ಹತ್ತಿದೆ. ಅದೇ ಡ್ರೈವರು. ನನ್ನನ್ನು ಕಂಡು ಬುಟ್ಟಿಯನ್ನು ಎತ್ತಿ ತನ್ನ ಸೀಟಿನ ಹಿಂದೆ ಇಟ್ಟುಕೊಂಡು, "ನೀವು ಬೂಟು ಹಾಕ್ಕೊಂಡೇ ಮಲಗಿ" ಎಂದ. ಆ ಬಸ್ಸಿನ ಚರಿತ್ರೆಯಲ್ಲಿ ಅಂಥ ಅಪ್ಪಣೆ ಸಿಕ್ಕವನು ನಾನೊಬ್ಬನೇ.

ಊರಿಗೆ ಬಂದಿಳಿದಾಗ ಮೊದಲು ಎದುರಾದವರು ಔಷಧಿ ಅಂಗಡಿಯವರು. ಕುರ್ಚಿ ಎಳೆದರು. ನನಗೆ ರೇಗಿತು. ನಡುಬೀದಿಯಲ್ಲಿ ನಿಂತು, ನಾಲ್ಕು ಮನೆಗೆ ಕೇಳುವ ಹಾಗೆ ಹೇಳಿದೆ: "ನನ್ನ ಹೃದಯ ಚೆನ್ನಾಗಿದೆ. ನನಗೆ ವಿಮಾನ ಅಂದ್ರೆ ಹೆದರಿಕೆ. ಕೈ ಬೆವರತ್ತೆ, ಎದೆ ಹೊಡ್ಕೊಳ್ಳತ್ತೆ, ಉಸಿರು ಸಿಗಲ್ಲ. ಅಷ್ಟೇ."

ಅವರು ನನ್ನ ಕೈ ಹಿಡಿದು, ಬಹಳ ಮೃದುವಾಗಿ, "ಮೂರೂ ಅದರದ್ದೇ ಲಕ್ಷಣ ಸಾರ್" ಎಂದರು.

ಇಂಥವರ ಜೊತೆ ಏನು ಮಾತು. ಮನೆಗೆ ಹೋದೆ. ಹೆಂಡತಿ ಬಾಗಿಲು ತೆಗೆದು ನನ್ನ ಪೆಟ್ಟಿಗೆ ಇಸಕೊಂಡಳು. ಅವಳ ಮುಖದಲ್ಲಿ ನಾನು ಬಹಳ ವರ್ಷದಿಂದ ಕಾಣದ ಒಂದು ಕಳೆ ಇತ್ತು.

"ಎಷ್ಟು ಚೆನ್ನಾಗಿತ್ತು ಗೊತ್ತಾ? ಮೇಲಿಂದ ರಸ್ತೆ ದಾರದ ಹಾಗೆ ಕಾಣತ್ತೆ. ಅದರ ಮೇಲೆ ಸಣ್ಣ ಸಣ್ಣ ಬಸ್ಸು. ಯಾವುದು ನಿಮ್ಮದೋ ಗೊತ್ತಾಗ್ಲಿಲ್ಲ. ಅದಕ್ಕೇ ಎಲ್ಲದಕ್ಕೂ ಕೈ ಬೀಸಿದೆ."

ನಾನು ಒಳಗೆ ಹೋಗಿ ಕೂತು ಬೂಟು ಕಳಚುತ್ತಾ ಲೆಕ್ಕ ಹಾಕಿದೆ. ಅವಳ ವಿಮಾನ ಹಾರಿದ್ದು ಬೆಳಗ್ಗೆ. ನಾನು ಬಸ್ಸು ಹತ್ತಿದ್ದು ಸಂಜೆ. ಅವಳು ಆಕಾಶದಲ್ಲಿ ಕೈ ಬೀಸುತ್ತಿದ್ದ ಹೊತ್ತಿಗೆ ನಾನು ಮಗಳ ಮನೆಯಲ್ಲಿ ಹರಿದ ಕಾಲುಚೀಲ ಹೊಲಿಯುತ್ತಾ ಕೂತಿದ್ದೆ. ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಹೆಂಡತಿ ಮೊದಲ ಸಲ ನನಗೆಂದು ಕೈ ಬೀಸಿದಳು, ಅದನ್ನೂ ಯಾವನೋ ಬೇರೆ ಬಸ್ಸಿನವನು ಪುಕ್ಕಟೆ ತೆಗೆದುಕೊಂಡು ಹೋದ.